ಜಾಲತಾಣದಿಂದ ಇಳಿಸಿಕೊಂಡ ಫೈಲ್ ತೆರೆಯುತ್ತಿಲ್ಲವೇ? ಹೆಸರು ಬದಲಿಸುವ ಮೊದಲು ಒಳಗೇನಿದೆ ನೋಡಿ

ಪರೀಕ್ಷೆಯ ಪ್ರವೇಶಪತ್ರ, ಕಾಲೇಜಿನ ಶುಲ್ಕದ ರಸೀದಿ, ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕಿನ ಸ್ಟೇಟ್‌ಮೆಂಟ್ ಇವೆಲ್ಲ ಈಗ ಫೈಲ್‌ಗಳಾಗಿಯೇ ನಮ್ಮ ಕೈಸೇರುತ್ತವೆ. ಪಿಡಿಎಫ್ ಬರಬೇಕಿದ್ದ ಜಾಗದಲ್ಲಿ ಹೆಸರೇ ಕೇಳದ ಇನ್ನಾವುದೋ ಫೈಲ್ ಬಂದು ಕುಳಿತರೆ, ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ದಾವಣಗೆರೆಗೆ ಬಸ್ಸು ಹತ್ತಿ ಬಂದವರಿಗೆ ಅದು ಸಣ್ಣ ತೊಂದರೆಯಲ್ಲ. ಅರ್ಜಿಯ ಕೊನೆಯ ದಿನ ಅಂದೇ ಆಗಿದ್ದರೆ ಒಂದು ವರ್ಷವೇ ಕೈತಪ್ಪಬಹುದು. ಆ ಗಾಬರಿಯಲ್ಲಿ ಕೆಲವರು ಅದೇ ಬಟನ್ನನ್ನು ಮತ್ತೆ ಮತ್ತೆ ಒತ್ತುತ್ತಾರೆ, ಕೆಲವರು ಹೆಸರಿನ ಕೊನೆಗೆ ಪಿಡಿಎಫ್ ಎಂದು ಸೇರಿಸಿ ನೋಡುತ್ತಾರೆ, ಇನ್ನು ಕೆಲವರು ಗೂಗಲ್‌ನಲ್ಲಿ ಮೊದಲು ಸಿಕ್ಕಿದ ಕನ್ವರ್ಟರ್‌ಗೆ ಫೈಲನ್ನು ಕೊಟ್ಟುಬಿಡುತ್ತಾರೆ. ಇವುಗಳಲ್ಲಿ ಯಾವುದು ಯಾವಾಗ ಫಲಿಸುತ್ತದೆ ಎಂಬುದು ಫೈಲಿನ ಒಳಗೆ ನಿಜವಾಗಿ ಏನಿದೆ ಎಂಬುದರ ಮೇಲೆ ನಿಂತಿದೆ. ಅದನ್ನು ತಿಳಿಯಲು ಒಂದು ನಿಮಿಷ ಸಾಕು; ಹೊಸ ಸಾಫ್ಟ್‌ವೇರ್ ಯಾವುದೂ ಬೇಡ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಫೈಲ್ ಯಾವ ಬಗೆಯದು ಎಂದು ಹೇಳುವ ಸಂಗತಿಗಳು ಮೂರಿವೆ, ಮತ್ತು ಅವು ಒಂದಕ್ಕೊಂದು ಹೊಂದಲೇಬೇಕೆಂಬ ನಿಯಮವಿಲ್ಲ. ಒಂದು, ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಎಕ್ಸ್‌ಟೆನ್ಷನ್. ಎರಡು, ಸರ್ವರ್, ಅಂದರೆ ಜಾಲತಾಣವನ್ನು ನಡೆಸುವ ದೂರದ ಕಂಪ್ಯೂಟರ್, ಆ ಫೈಲನ್ನು ಕಳುಹಿಸುವಾಗ ಅದರ ಮುಂದೆ ಇಟ್ಟು ಕಳುಹಿಸುವ, ನಮ್ಮ ಕಣ್ಣಿಗೆ ಬೀಳದ ವಿವರ. ಅದರಲ್ಲಿ ‘ಕಂಟೆಂಟ್-ಟೈಪ್’ ಎಂಬ ಸಾಲು ಬಗೆಯನ್ನೂ, ‘ಕಂಟೆಂಟ್-ಡಿಸ್ಪೊಸಿಷನ್’ ಎಂಬ ಸಾಲು ಯಾವ ಹೆಸರಿನಲ್ಲಿ ಉಳಿಸಬೇಕೆಂಬುದನ್ನೂ ಬ್ರೌಸರ್‌ಗೆ ತಿಳಿಸುತ್ತವೆ. ಮೂರು, ಫೈಲಿನ ಒಳಗಿನ ಬೈಟ್‌ಗಳು, ಅಂದರೆ ಅದರಲ್ಲಿ ಬರೆದಿಟ್ಟಿರುವ ಮಾಹಿತಿಯ ಚಿಕ್ಕ ಚಿಕ್ಕ ತುಣುಕುಗಳು. ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳ ಕೊಳ್ಳುವವರು ಚೀಲದ ಮೇಲೆ ಬರೆದಿದ್ದನ್ನು ನಂಬಿ ದರ ಹೇಳುವುದಿಲ್ಲ, ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿಟ್ಟು ನೋಡುತ್ತಾರೆ. ಇಲ್ಲಿ ಮಾಡಬೇಕಾದದ್ದೂ ಅದನ್ನೇ. ಹೆಸರು ತಪ್ಪಿರಬಹುದು, ಸರ್ವರ್ ತಪ್ಪು ಹೇಳಿರಬಹುದು, ಆದರೆ ಬೈಟ್‌ಗಳಲ್ಲಿ ಇರುವುದೇ ಆ ಫೈಲ್.

ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಳ್ಳುವುದು

ವಿಂಡೋಸ್ ತನಗೆ ಪರಿಚಯವಿರುವ ಎಕ್ಸ್‌ಟೆನ್ಷನ್‌ಗಳನ್ನು ಮೊದಲಿನಿಂದಲೇ ಮರೆಮಾಡಿ ಇಟ್ಟಿರುತ್ತದೆ. ಹೀಗಾಗಿ ಕಣ್ಣಿಗೆ ‘ರಸೀದಿ.ಪಿಡಿಎಫ್’ ಎಂದು ಕಾಣುವ ಫೈಲಿನ ಪೂರ್ತಿ ಹೆಸರು ‘ರಸೀದಿ.ಪಿಡಿಎಫ್.ಎಚ್‌ಟಿಎಂಎಲ್’ ಎಂದಿರಬಹುದು; ಎಚ್‌ಟಿಎಂಎಲ್ ಎಂದರೆ ವೆಬ್ ಪುಟದ ಬಗೆ. ವಿಂಡೋಸ್ 11 ಇದ್ದರೆ ಫೈಲ್ ಎಕ್ಸ್‌ಪ್ಲೋರರ್ ತೆರೆದು ‘ವ್ಯೂ’, ಅದರೊಳಗೆ ‘ಶೋ’, ಅದರೊಳಗೆ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆರಿಸಿ. ವಿಂಡೋಸ್ 10ರಲ್ಲಿ ‘ವ್ಯೂ’ ಟ್ಯಾಬಿನಲ್ಲೇ ಅದೇ ಹೆಸರಿನ ಚೌಕವಿದೆ, ಅದಕ್ಕೆ ಟಿಕ್ ಹಾಕಿದರೆ ಸಾಕು. ಜೆರಾಕ್ಸ್ ಅಂಗಡಿ ಮತ್ತು ಸೈಬರ್ ಸೆಂಟರ್ ನಡೆಸುವವರು ತಮ್ಮ ಎಲ್ಲ ಕಂಪ್ಯೂಟರ್‌ಗಳಲ್ಲೂ ಇದನ್ನು ಶಾಶ್ವತವಾಗಿ ಆನ್ ಮಾಡಿಟ್ಟುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇದರಿಂದ ಸಮಯ ಉಳಿಯುವುದು ಒಂದು ಕಡೆಯಾದರೆ, ಮುಂದೆ ಹೇಳಲಿರುವ ಮೋಸದ ಫೈಲ್‌ಗಳೂ ಕಣ್ಣಿಗೆ ಬೀಳುತ್ತವೆ.

ನೋಟ್‌ಪ್ಯಾಡ್‌ನಲ್ಲಿ ಮೊದಲ ಅಕ್ಷರಗಳನ್ನು ಓದುವುದು

ಫೈಲಿನ ಒಂದು ಪ್ರತಿ ಮಾಡಿಕೊಳ್ಳಿ. ನೋಟ್‌ಪ್ಯಾಡ್ ತೆರೆದು ‘ಫೈಲ್’, ‘ಓಪನ್’ ಒತ್ತಿ, ಕೆಳಗಿನ ಪಟ್ಟಿಯಲ್ಲಿ ‘ಟೆಕ್ಸ್ಟ್ ಡಾಕ್ಯುಮೆಂಟ್ಸ್’ ಎಂದಿರುವುದನ್ನು ‘ಆಲ್ ಫೈಲ್ಸ್’ ಎಂದು ಬದಲಿಸಿ, ಆ ಪ್ರತಿಯನ್ನು ತೆರೆಯಿರಿ. ತೆರೆದಾಗ ಬಹುಪಾಲು ಅರ್ಥವಾಗದ ಚಿಹ್ನೆಗಳೇ ಕಾಣುತ್ತವೆ, ಅದಕ್ಕೆ ಹೆದರಬೇಕಾಗಿಲ್ಲ. ಬೇಕಾಗಿರುವುದು ಮೊದಲ ಸಾಲಿನ ಮೊದಲ ಕೆಲವು ಅಕ್ಷರಗಳು ಮಾತ್ರ. ನೋಡಿ ಮುಗಿದ ಮೇಲೆ ‘ಸೇವ್’ ಮಾಡದೆ ಮುಚ್ಚಬೇಕು, ಏಕೆಂದರೆ ನೋಟ್‌ಪ್ಯಾಡ್ ಅದನ್ನು ಪಠ್ಯವೆಂದು ತಿಳಿದು ಮತ್ತೆ ಬರೆದರೆ ಒಳಗಿನ ಬೈಟ್‌ಗಳು ಕೆಡುತ್ತವೆ, ಕೆಟ್ಟದ್ದು ಮತ್ತೆ ಸರಿಯಾಗುವುದಿಲ್ಲ. ಪ್ರತಿ ಮಾಡಿಕೊಳ್ಳಿ ಎಂದದ್ದೂ ಇದಕ್ಕಾಗಿಯೇ.

ಪಿಡಿಎಫ್ ಫೈಲ್ ಶೇಕಡಾ ಚಿಹ್ನೆಯಿಂದ ಶುರುವಾಗುತ್ತದೆ. ಅದಕ್ಕೆ ಅಂಟಿಕೊಂಡು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಪಿಡಿಎಫ್ ಎಂದೂ, ಒಂದು ಅಡ್ಡಗೆರೆಯೂ, 1.4 ಅಥವಾ 1.7ರಂತಹ ಆವೃತ್ತಿ ಸಂಖ್ಯೆಯೂ ಇರುತ್ತವೆ. ಅಡೋಬಿ ಸಂಸ್ಥೆ 1993ರಲ್ಲಿ ಈ ಬಗೆಯನ್ನು ಹೊರತಂದಂದಿನಿಂದ ಈ ಗುರುತು ಬದಲಾಗಿಲ್ಲ. ಮೊದಲ ಎರಡು ಅಕ್ಷರ ಪಿ ಮತ್ತು ಕೆ ಆಗಿದ್ದರೆ ಅದು ಜಿಪ್ ಬಗೆಯ ಫೈಲ್. ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಈಗಿನ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಫೈಲ್‌ಗಳೂ ಒಳಗಿನಿಂದ ಜಿಪ್ ಗಂಟುಗಳೇ ಆಗಿರುವುದರಿಂದ ಅವೂ ಪಿಕೆ ಎಂದೇ ಶುರುವಾಗುತ್ತವೆ. ಇವುಗಳಲ್ಲಿ ಯಾವುದು ಎಂದು ತಿಳಿಯಬೇಕಾದರೆ ಪ್ರತಿಯ ಎಕ್ಸ್‌ಟೆನ್ಷನ್ ಅನ್ನು ಜಿಪ್ ಎಂದು ಬದಲಿಸಿ ತೆರೆದು ನೋಡಿ: ಒಳಗೆ ‘ವರ್ಡ್’ ಎಂಬ ಫೋಲ್ಡರ್ ಇದ್ದರೆ ಅದು ಡಿಒಸಿಎಕ್ಸ್, ‘ಎಕ್ಸ್‌ಎಲ್’ ಎಂಬ ಫೋಲ್ಡರ್ ಇದ್ದರೆ ಎಕ್ಸ್‌ಎಲ್‌ಎಸ್‌ಎಕ್ಸ್. ಹಳೆಯ ಕಾಲದ ವರ್ಡ್ ಮತ್ತು ಎಕ್ಸೆಲ್ ಫೈಲ್‌ಗಳಿಗೆ ಈ ಗುರುತಿಲ್ಲ. ಅವುಗಳ ಮೊದಲಲ್ಲಿ ಬೆನ್ನಿಗೆ ಅಡ್ಡಗೀಟು ಎಳೆದ ಡಿ ಅಕ್ಷರದಂಥ ಚಿಹ್ನೆ ಕಾಣುತ್ತದೆ. ಚಿತ್ರಗಳಲ್ಲಿ ಪಿಎನ್‌ಜಿ ತನ್ನ ಹೆಸರನ್ನು ಎರಡನೆಯ ಅಕ್ಷರದಿಂದಲೇ ಹೇಳಿಕೊಳ್ಳುತ್ತದೆ, ಜೆಪಿಜಿಯ ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ ಜೆಎಫ್‌ಐಎಫ್ ಅಥವಾ ಎಕ್ಸಿಫ್ ಎಂಬ ಅಕ್ಷರಗಳಿರುತ್ತವೆ, ವೆಬ್‌ಪಿಯಲ್ಲಿ ರಿಫ್ ಎಂದು ಶುರುವಾಗಿ ಸ್ವಲ್ಪ ಮುಂದೆ ವೆಬ್‌ಪಿ ಎಂದು ಬರುತ್ತದೆ.

ಇನ್ನು ಒಂದು ಗುರುತಿದೆ, ನಮ್ಮ ಊರಿನ ಅಂಗಡಿಗಳಿಗೆ ಬರುವ ತೆರೆಯದ ಪಿಡಿಎಫ್‌ಗಳಲ್ಲಿ ಹೆಚ್ಚಾಗಿ ಕಾಣುವುದೂ ಅದೇ. ಮೊದಲ ಸಾಲಿನಲ್ಲಿ ಕೋನಾಕಾರದ ಆವರಣ ಚಿಹ್ನೆ, ಆಶ್ಚರ್ಯ ಚಿಹ್ನೆ, ‘ಡಾಕ್‌ಟೈಪ್ ಎಚ್‌ಟಿಎಂಎಲ್’ ಎಂಬ ಪದಗಳು. ಹಾಗಿದ್ದರೆ ನಿಮಗೆ ಸಿಕ್ಕಿರುವುದು ದಾಖಲೆಯೇ ಅಲ್ಲ, ಒಂದು ವೆಬ್ ಪುಟ.

ಪಿಡಿಎಫ್ ಹೆಸರಿನಲ್ಲಿ ವೆಬ್ ಪುಟ ಬಂದಿದ್ದರೆ

ಇದು ಹೇಗೆ ಆಗುತ್ತದೆಂದು ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಹರಿಹರದ ವಿದ್ಯಾರ್ಥಿನಿಯೊಬ್ಬಳು ಶುಲ್ಕ ಕಟ್ಟಿ, ರಸೀದಿಯ ಪುಟವನ್ನು ತೆರೆದಿಟ್ಟು, ಪ್ರಿಂಟರ್ ಬಿಡುವಾಗಲೆಂದು ಅರ್ಧ ಗಂಟೆ ಕಾಯುತ್ತಾಳೆ. ಅಷ್ಟರಲ್ಲಿ ಆ ಪೋರ್ಟಲ್ ಅವಳ ಲಾಗಿನ್ ಅವಧಿಯನ್ನು ಮುಗಿಸಿರುತ್ತದೆ, ಆದರೆ ಪರದೆಯ ಮೇಲೆ ಹಳೆಯ ಪುಟ ಹಾಗೆಯೇ ನಿಂತಿರುತ್ತದೆ. ಅವಳು ಡೌನ್‌ಲೋಡ್ ಒತ್ತಿದಾಗ ಸರ್ವರ್ ರಸೀದಿ ಕೊಡದೆ, ‘ಮತ್ತೆ ಲಾಗಿನ್ ಆಗಿ’ ಎಂಬ ಪುಟವನ್ನು ಕೊಡುತ್ತದೆ, ಬ್ರೌಸರ್ ಅದನ್ನೇ ರಸೀದಿಯ ಹೆಸರಿನಲ್ಲಿ ಉಳಿಸುತ್ತದೆ. ಗಾತ್ರ ನೋಡಿದರೆ 4 ಕೆಬಿ. ಲಾಂಛನ, ಮುದ್ರೆ ಎಲ್ಲ ಇರುವ ರಸೀದಿ ಇಷ್ಟು ಚಿಕ್ಕದಾಗಿರುವುದು ಅಪರೂಪ. ನೋಟ್‌ಪ್ಯಾಡ್‌ನಲ್ಲಿ ತೆರೆದು ಕೆಳಗೆ ಇಳಿದರೆ ‘ಸೆಷನ್ ಎಕ್ಸ್‌ಪೈರ್ಡ್’ ಎಂಬ ಮಾತು ಟ್ಯಾಗ್‌ಗಳ ನಡುವೆ ಸಿಗುತ್ತದೆ. ಇಂಥ ಫೈಲಿಗೆ ಯಾವ ಹೆಸರು ಕೊಟ್ಟರೂ, ಯಾವ ಕನ್ವರ್ಟರ್‌ಗೆ ಹಾಕಿದರೂ ರಸೀದಿ ಹೊರಬರುವುದಿಲ್ಲ, ಏಕೆಂದರೆ ರಸೀದಿ ಅದರೊಳಗೆ ಎಂದೂ ಇರಲಿಲ್ಲ. ಅದನ್ನು ಅಳಿಸಿ, ಪೋರ್ಟಲ್‌ನಿಂದ ಪೂರ್ತಿ ಲಾಗ್‌ಔಟ್ ಆಗಿ, ಮತ್ತೆ ಲಾಗಿನ್ ಆಗಿ, ತಡಮಾಡದೆ ಇಳಿಸಿಕೊಳ್ಳುವುದೊಂದೇ ದಾರಿ. ಶುಲ್ಕವನ್ನು ಎರಡನೆಯ ಬಾರಿ ಕಟ್ಟುವ ಅಗತ್ಯವಿಲ್ಲ. ಪಾವತಿಯ ಇತಿಹಾಸದ ಪುಟದಲ್ಲಿ ರಸೀದಿ ಸಿಗುತ್ತದೆಯೇ ಎಂದು ಮೊದಲು ನೋಡಿ.

ವೆಬ್ ಪುಟ ಬರಲು ಇನ್ನೊಂದು ಕಾರಣ ನಮ್ಮ ಬೆರಳಿನಲ್ಲೇ ಇದೆ. ಲಿಂಕಿನ ಮೇಲೆ ಬಲ ಕ್ಲಿಕ್ ಮಾಡಿ ‘ಸೇವ್ ಲಿಂಕ್ ಆ್ಯಸ್’ ಎಂದು ಕೊಡುವ ಅಭ್ಯಾಸ ಬಹಳ ಜನರಿಗಿದೆ. ಆ ಲಿಂಕ್ ನೇರವಾಗಿ ಫೈಲಿಗೆ ಹೋಗುತ್ತಿದ್ದರೆ ಇದರಿಂದ ತೊಂದರೆಯಿಲ್ಲ. ಆದರೆ ಲಿಂಕ್ ಮೊದಲು ಇನ್ನೊಂದು ಪುಟಕ್ಕೆ ಹೋಗಿ ಅಲ್ಲಿಂದ ಫೈಲನ್ನು ಕರೆಯುವಂತಿದ್ದರೆ, ಬ್ರೌಸರ್ ಮಧ್ಯದ ಆ ಪುಟವನ್ನೇ ಉಳಿಸಿಕೊಡುತ್ತದೆ. ಅಂಥ ಕಡೆ ಸಾಮಾನ್ಯವಾಗಿ ಒಮ್ಮೆ ಕ್ಲಿಕ್ ಮಾಡಿ, ಫೈಲ್ ತಾನಾಗಿ ಇಳಿಯುವವರೆಗೆ ಅಥವಾ ಬ್ರೌಸರ್‌ನಲ್ಲೇ ತೆರೆದುಕೊಳ್ಳುವವರೆಗೆ ಕಾಯಬೇಕು. ತೆರೆದುಕೊಂಡರೆ ಅದರ ಮೇಲ್ಭಾಗದ ಕೆಳಬಾಣದ ಗುರುತನ್ನು ಒತ್ತಿ ಉಳಿಸಿಕೊಳ್ಳಬೇಕು. ಪ್ರತ್ಯೇಕ ಡೌನ್‌ಲೋಡ್ ಮ್ಯಾನೇಜರ್ ಹಾಕಿಕೊಂಡಿರುವ ಕಂಪ್ಯೂಟರ್‌ಗಳಲ್ಲೂ ಇದೇ ತೊಂದರೆ ಕಾಣುತ್ತದೆ. ಬ್ರೌಸರ್ ಬಳಿ ಇರುವ ಲಾಗಿನ್ ಗುರುತು ತನ್ನ ಬಳಿ ಇಲ್ಲದೆಯೇ ಆ ಮ್ಯಾನೇಜರ್ ಫೈಲನ್ನು ಇನ್ನೊಮ್ಮೆ ಕೇಳುತ್ತದೆ, ಸರ್ವರ್ ಲಾಗಿನ್ ಪುಟ ಕೊಡುತ್ತದೆ. ಸರ್ಕಾರಿ ಮತ್ತು ಬ್ಯಾಂಕ್ ಜಾಲತಾಣಗಳಲ್ಲಿ ಕೆಲಸ ಮಾಡುವಾಗ ಅದನ್ನು ಆಫ್ ಮಾಡಿಡುವುದು ಒಳ್ಳೆಯದು.

ಹೆಸರು ಮಾತ್ರ ತಪ್ಪಿದ್ದರೆ

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಫೈಲಿನ ಹೆಸರು ‘ಡೌನ್‌ಲೋಡ್.ಎಎಸ್‌ಪಿಎಕ್ಸ್’, ‘ವ್ಯೂ.ಪಿಎಚ್‌ಪಿ’ ಅಥವಾ ‘ಪ್ರಿಂಟ್.ಡು’ ಎಂದಿರುತ್ತದೆ, ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲ ಅಕ್ಷರಗಳು ಪಿಡಿಎಫ್ ಎಂದೇ ಹೇಳುತ್ತವೆ. ಇಲ್ಲಿ ಸರ್ವರ್ ಫೈಲನ್ನು ಸರಿಯಾಗಿಯೇ ಕಳುಹಿಸಿದೆ, ಆದರೆ ಹೆಸರು ಹೇಳುವ ಸಾಲನ್ನು ಬಿಟ್ಟಿದೆ. ಹೆಸರು ಸಿಗದ ಬ್ರೌಸರ್ ವಿಳಾಸದ ಕೊನೆಯ ಭಾಗವನ್ನೇ ಹೆಸರಾಗಿ ಇಟ್ಟಿದೆ. ಇಂಥ ಫೈಲನ್ನು ಆರಿಸಿ ಎಫ್2 ಒತ್ತಿ, ಕೊನೆಯ ಚುಕ್ಕೆಯ ನಂತರದ ಭಾಗವನ್ನು ಅಳಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಪಿಡಿಎಫ್ ಎಂದು ಟೈಪ್ ಮಾಡಿದರೆ ಸರಿಯಾಗಿ ತೆರೆಯುತ್ತದೆ. ‘ಫೈಲ್ ಬಳಕೆಗೆ ಬಾರದಂತಾಗಬಹುದು’ ಎಂದು ವಿಂಡೋಸ್ ಎಚ್ಚರಿಸಿದರೂ ‘ಯೆಸ್’ ಎನ್ನಬಹುದು, ಏಕೆಂದರೆ ಹೆಸರು ಬದಲಿಸುವುದರಿಂದ ಒಳಗಿನ ಒಂದು ಬೈಟ್ ಕೂಡ ಬದಲಾಗುವುದಿಲ್ಲ. ಹಾಗೆ ಬದಲಾಗದ ಕಾರಣಕ್ಕೇ, ಒಳಗೆ ವರ್ಡ್ ಫೈಲ್ ಇದ್ದರೆ ಪಿಡಿಎಫ್ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಪಿಡಿಎಫ್ ಆಗುವುದೂ ಇಲ್ಲ.

ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದೇ ತೊಂದರೆ ‘.ಬಿನ್’ ಎಂಬ ರೂಪದಲ್ಲಿ ಬರುತ್ತದೆ. ಬಗೆ ಯಾವುದೆಂದು ಹೇಳದೆ ‘ಇದು ಬೈಟ್‌ಗಳ ಸರಣಿ’ ಎಂದಷ್ಟೇ ಸರ್ವರ್ ತಿಳಿಸಿದಾಗ ಫೋನ್ ಆ ಹೆಸರು ಕೊಡುತ್ತದೆ. ಫೋನಿನ ಫೈಲ್ಸ್ ಆ್ಯಪ್‌ನಲ್ಲಿ ಡೌನ್‌ಲೋಡ್ಸ್ ಒಳಗೆ ಹೋಗಿ, ಆ ಫೈಲಿನ ಪಕ್ಕದ ಮೂರು ಚುಕ್ಕೆ ಒತ್ತಿ ‘ರೀನೇಮ್’ ಮಾಡಬಹುದು. ಲಿಂಕನ್ನು ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಒಳಗಿಂದ ಒತ್ತಿದ್ದು ಅದು ಆ್ಯಪ್‌ನ ಒಳಗೇ ತೆರೆದಿದ್ದರೆ, ವಿಳಾಸವನ್ನು ನಕಲು ಮಾಡಿ ಕ್ರೋಮ್‌ನಲ್ಲಿ ತೆರೆದು, ಅಲ್ಲಿಯೇ ಲಾಗಿನ್ ಆಗಿ ಇಳಿಸಿಕೊಳ್ಳಿ.

ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳಿಗೆ ಬೇರೆಯದೇ ಒಂದು ಪಾಡು. ಕೆಲವು ಜಾಲತಾಣಗಳಿಂದ ಅವು ಇಳಿದಾಗ ಹೆಸರಿನ ಜಾಗದಲ್ಲಿ ಶೇಕಡಾ ಚಿಹ್ನೆ, ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳ ಉದ್ದನೆಯ ಸರಪಳಿ ಇರುತ್ತದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಮಾನದಂಡದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ ಅಥವಾ ಚಿಹ್ನೆ 3 ಬೈಟ್ ಹಿಡಿಯುತ್ತದೆ, ವಿಳಾಸದಲ್ಲಿ ಪ್ರತಿ ಬೈಟ್‌ಗೆ 3 ಅಕ್ಷರ ಬೇಕಾಗುತ್ತದೆ. ಹೀಗೆ ಒಂದು ಕಾಗುಣಿತದ ಗುರುತೂ 9 ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಒಂದು ಫೈಲಿನ ಹೆಸರು 255 ಅಕ್ಷರ ಮೀರುವಂತಿಲ್ಲವಾದ್ದರಿಂದ ಸುತ್ತೋಲೆಯ ಪೂರ್ಣ ಶೀರ್ಷಿಕೆಯನ್ನೇ ಹೆಸರಾಗಿ ಇಟ್ಟಿದ್ದರೆ ತುದಿ ಕತ್ತರಿಸಿ ಹೋಗಬಹುದು, ಆ ತುದಿಯಲ್ಲಿದ್ದ ಎಕ್ಸ್‌ಟೆನ್ಷನ್ ಕೂಡ ಅದರ ಜೊತೆಗೇ ಹೋಗಬಹುದು. ಚಿಕ್ಕ ಹೆಸರು ಕೊಟ್ಟು, ನೋಟ್‌ಪ್ಯಾಡ್ ಹೇಳಿದ ಎಕ್ಸ್‌ಟೆನ್ಷನ್ ಸೇರಿಸಿದರೆ ಸರಿಹೋಗುತ್ತದೆ.

ತಪ್ಪು ಎಂದು ತೋರುವ, ಆದರೆ ತಪ್ಪಲ್ಲದ ಫೈಲ್‌ಗಳು

‘ಪಿಡಿಎಫ್ ಬರಲಿಲ್ಲ, ಕ್ರೋಮ್ ಫೈಲ್ ಬಂತು’ ಎಂದು ಹೇಳುವವರು ಬಹಳ. ಅವರು ನೋಡುತ್ತಿರುವುದು ಐಕಾನ್ ಮಾತ್ರ. ಆ ಕಂಪ್ಯೂಟರ್‌ನಲ್ಲಿ ಪಿಡಿಎಫ್ ತೆರೆಯುವ ಕೆಲಸವನ್ನು ಕ್ರೋಮ್ ಅಥವಾ ಎಡ್ಜ್‌ಗೆ ವಹಿಸಿರುವುದರಿಂದ ಅದರ ಚಿತ್ರ ಕಾಣುತ್ತಿದೆ. ಎಕ್ಸ್‌ಟೆನ್ಷನ್ ಪಿಡಿಎಫ್ ಎಂದೇ ಇದ್ದರೆ ಅದನ್ನು ಹಾಗೆಯೇ ಅಪ್‌ಲೋಡ್ ಮಾಡಬಹುದು. ಬೇರೆ ತಂತ್ರಾಂಶದಲ್ಲಿ ತೆರೆಯಬೇಕೆಂದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ‘ಡಿಫಾಲ್ಟ್ ಆ್ಯಪ್ಸ್’ನಲ್ಲಿ ಪಿಡಿಎಫ್‌ಗೆ ಬೇಕಾದದ್ದನ್ನು ಆರಿಸಿ. ಇಳಿಯುವ ಬದಲು ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತಿದ್ದರೆ ಕ್ರೋಮ್‌ನ ‘ಸೈಟ್ ಸೆಟ್ಟಿಂಗ್ಸ್’ ಒಳಗೆ ‘ಪಿಡಿಎಫ್ ಡಾಕ್ಯುಮೆಂಟ್ಸ್’ ಎಂಬಲ್ಲಿ ಡೌನ್‌ಲೋಡ್ ಆಗುವಂತೆ ಬದಲಿಸಬಹುದು. ಇ-ಆಧಾರ್ ತೆರೆಯುವಾಗ ಪಾಸ್‌ವರ್ಡ್ ಕೇಳುವುದೂ ದೋಷವಲ್ಲ. ಆಧಾರ್‌ನಲ್ಲಿರುವ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರಗಳನ್ನು ದೊಡ್ಡಕ್ಷರದಲ್ಲಿ ಬರೆದು, ಅದಕ್ಕೆ ಹುಟ್ಟಿದ ವರ್ಷವನ್ನು ಸೇರಿಸಿದರೆ ತೆರೆಯುತ್ತದೆ.

‘.ಸಿಆರ್‌ಡೌನ್‌ಲೋಡ್’ ಅಥವಾ ‘.ಪಾರ್ಟ್’ ಎಂದು ಮುಗಿಯುವ ಫೈಲ್ ಇನ್ನೂ ಇಳಿಯುತ್ತಿದೆ ಅಥವಾ ಅರ್ಧಕ್ಕೆ ನಿಂತಿದೆ ಎಂದರ್ಥ. ಅದರ ಹೆಸರು ಬದಲಿಸಬೇಡಿ. ಪಿಡಿಎಫ್ ಪೂರ್ತಿ ಇಳಿದಿದೆಯೇ ಎಂಬ ಅನುಮಾನವಿದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಕಂಟ್ರೋಲ್ ಮತ್ತು ಎಂಡ್ ಕೀಗಳನ್ನು ಒಟ್ಟಿಗೆ ಒತ್ತಿ: ಕೊನೆಯಲ್ಲಿ ಎರಡು ಶೇಕಡಾ ಚಿಹ್ನೆಗಳ ನಂತರ ಇಒಎಫ್ ಎಂಬ ಅಕ್ಷರಗಳಿದ್ದರೆ ಫೈಲ್ ಕೊನೆಯವರೆಗೂ ಬಂದಿದೆ. ಇಲ್ಲದಿದ್ದರೆ ನೆಟ್‌ವರ್ಕ್ ಮಧ್ಯದಲ್ಲಿ ಕಡಿದಿರುವ ಸಾಧ್ಯತೆಯೇ ಹೆಚ್ಚು, ಮತ್ತೆ ಇಳಿಸಿಕೊಳ್ಳಬೇಕು.

ಎಕ್ಸೆಲ್ ಮತ್ತು ಸಿಎಸ್‌ವಿ: ಕನ್ನಡ ಕೆಡುವ ಜಾಗ

ಸಹಕಾರ ಸಂಘದ ಸದಸ್ಯರ ಪಟ್ಟಿ, ಶಾಲೆಯ ಮಕ್ಕಳ ಪಟ್ಟಿ, ಫಲಾನುಭವಿಗಳ ಪಟ್ಟಿ ಇವುಗಳನ್ನು ಪೋರ್ಟಲ್‌ನಿಂದ ಎಕ್ಸೆಲ್ ಎಂದು ಇಳಿಸಿಕೊಂಡಾಗ ‘ಫೈಲಿನ ಬಗೆಯೂ ಎಕ್ಸ್‌ಟೆನ್ಷನ್ನೂ ಹೊಂದುತ್ತಿಲ್ಲ’ ಎಂದು ಎಕ್ಸೆಲ್ ಎಚ್ಚರಿಸುವುದುಂಟು. ಪರದೆಯ ಮೇಲಿನ ಕೋಷ್ಟಕವನ್ನು ಎಚ್‌ಟಿಎಂಎಲ್ ಆಗಿಯೇ ಕಳುಹಿಸಿ, ಹೆಸರಿಗೆ ಮಾತ್ರ ಎಕ್ಸ್‌ಎಲ್‌ಎಸ್ ಎಂದು ಅಂಟಿಸುವ ಪೋರ್ಟಲ್‌ಗಳಿವೆ. ಎಚ್ಚರಿಕೆ ಬರುವುದು ಹೆಚ್ಚಾಗಿ ಅದಕ್ಕೇ. ಫೈಲ್ ನೀವೇ ನಂಬಿಕೆಯ ಜಾಲತಾಣದಿಂದ ಇಳಿಸಿಕೊಂಡದ್ದಾಗಿದ್ದರೆ ‘ಯೆಸ್’ ಕೊಟ್ಟು ತೆರೆದು, ‘ಸೇವ್ ಆ್ಯಸ್’ನಲ್ಲಿ ಎಕ್ಸೆಲ್ ವರ್ಕ್‌ಬುಕ್ ಎಂದು ಆರಿಸಿ ಉಳಿಸಿ. ಇಲ್ಲಿ ‘ಸೇವ್ ಆ್ಯಸ್’ ಮಾಡುವುದು ಮುಖ್ಯ; ಹೆಸರು ಮಾತ್ರ ಎಕ್ಸ್‌ಎಲ್‌ಎಸ್‌ಎಕ್ಸ್ ಎಂದು ಬದಲಿಸಿದರೆ ಎಕ್ಸೆಲ್ ಅದನ್ನು ತೆರೆಯಲು ಒಪ್ಪುವುದೇ ಇಲ್ಲ.

ಸಿಎಸ್‌ವಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ಪಟ್ಟಿ; ಅಂಥ ಫೈಲಿನಲ್ಲಿ ಬೇರೆ ಸಂಕಟ. ಎರಡು ಬಾರಿ ಕ್ಲಿಕ್ ಮಾಡಿ ತೆರೆದಾಗ ಕನ್ನಡದ ಹೆಸರುಗಳಿರಬೇಕಾದ ಜಾಗದಲ್ಲೆಲ್ಲ, ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷ್ ಎ ಅಕ್ಷರವೂ ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ 3 ಅಂಕಿಯೂ ಸಾಲುಗಟ್ಟಿ ನಿಂತಿರುತ್ತವೆ. ಇದನ್ನು ಕಂಡ ಕೂಡಲೇ ‘ಫಾಂಟ್ ಇಲ್ಲ’ ಎಂದು ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶಗಳನ್ನು ಹುಡುಕಲು ಹೋಗುವವರಿದ್ದಾರೆ. ಫಾಂಟಿಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡದ ಪ್ರತಿ ಅಕ್ಷರದ 3 ಬೈಟ್‌ಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಎಕ್ಸೆಲ್ ಅವನ್ನು ಪಾಶ್ಚಾತ್ಯ ಲಿಪಿಯ ಪಟ್ಟಿಯಿಂದ ಬಿಡಿಬಿಡಿಯಾಗಿ ಓದಿದಾಗ ಆ ಎ, ಆ 2, ಆ 3 ಹೊರಬರುತ್ತವೆ. ಆದ್ದರಿಂದ ಈ ಗುರುತು ಕಂಡರೆ ನಿಮ್ಮ ಕನ್ನಡ ಒಳಗೆ ಸುರಕ್ಷಿತವಾಗಿದೆ ಎಂದು ಧೈರ್ಯ ತಂದುಕೊಳ್ಳಬಹುದು. ಉಳಿಸದೆ ಮುಚ್ಚಿ, ಖಾಲಿ ಎಕ್ಸೆಲ್ ತೆರೆದು, ‘ಡೇಟಾ’ ಟ್ಯಾಬಿನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ, ಫೈಲ್ ಆರಿಸಿ, ‘ಫೈಲ್ ಒರಿಜಿನ್’ ಎಂಬಲ್ಲಿ 65001 ಯೂನಿಕೋಡ್ ಯುಟಿಎಫ್-8 ಎಂಬುದನ್ನು ಆರಿಸಿದರೆ ಹೆಸರುಗಳು ಸರಿಯಾಗಿ ಬರುತ್ತವೆ. ಅದೇ ಕಿಟಕಿಯಲ್ಲಿ ಡೇಟಾದ ಬಗೆಯನ್ನು ಗುರುತಿಸಬೇಡ ಎಂಬ ಆಯ್ಕೆಯೂ ಇದೆ. ಪಟ್ಟಿಯಲ್ಲಿ ಬ್ಯಾಂಕ್ ಖಾತೆ ಸಂಖ್ಯೆಗಳಿದ್ದರೆ ಅದನ್ನು ತಪ್ಪದೆ ಕೊಡಿ. ಕೊಡದಿದ್ದರೆ ಸಂಖ್ಯೆಯ ಮುಂದಿನ ಸೊನ್ನೆಗಳು ಉದುರುತ್ತವೆ, 15 ಅಂಕಿಗಳನ್ನು ಮೀರಿದ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ, ಮತ್ತು ಅದನ್ನು ಉಳಿಸಿಬಿಟ್ಟರೆ ಒಬ್ಬ ರೈತನ ಹಣ ಹೋಗಬೇಕಾದ ಖಾತೆಯ ಸಂಖ್ಯೆಯೇ ಕಳೆದುಹೋದಂತೆ.

ಇಡೀ ಪುಟ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವ ವರ್ಡ್ ಫೈಲ್ ಸಿಕ್ಕರೆ ಮಾತ್ರ ಫಾಂಟಿನ ಮಾತು ಬರುತ್ತದೆ. ಅದು ಯೂನಿಕೋಡ್‌ಗೆ ಮೊದಲಿನ ಪದ್ಧತಿಯಲ್ಲಿ ಟೈಪ್ ಮಾಡಿದ ದಾಖಲೆ. ಟೈಪ್ ಮಾಡಿದಾಗ ಬಳಸಿದ ಫಾಂಟನ್ನು ಅಳವಡಿಸಿದರೆ ಓದಲು ಬರುತ್ತದೆ, ತಿದ್ದಿ ಮುಂದೆ ಬಳಸಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಮೇಲು.

ಭಾವಚಿತ್ರಗಳು

ಜಾಲತಾಣದಿಂದ ಚಿತ್ರವನ್ನು ಉಳಿಸಿದಾಗ ಜೆಪಿಜಿ ಬದಲು ವೆಬ್‌ಪಿ ಬರುವುದಕ್ಕೆ ಕಾರಣ ಸರಳ. ಗೂಗಲ್ 2010ರಲ್ಲಿ ಪ್ರಕಟಿಸಿದ ಈ ಬಗೆಯ ಚಿತ್ರ ಕಡಿಮೆ ಗಾತ್ರದ್ದು; ತನಗೆ ಅದು ಓದಲು ಬರುತ್ತದೆಂದು ಬ್ರೌಸರ್ ಮೊದಲೇ ಹೇಳಿರುವುದರಿಂದ, ವಿಳಾಸದಲ್ಲಿ ಜೆಪಿಜಿ ಎಂದಿದ್ದರೂ ಸರ್ವರ್ ವೆಬ್‌ಪಿ ಕೊಡಬಹುದು. ಅರ್ಜಿಯ ಪೋರ್ಟಲ್ ಜೆಪಿಜಿಯನ್ನೇ ಕೇಳಿದರೆ, ಚಿತ್ರವನ್ನು ವಿಂಡೋಸ್ 11ರ ಪೇಂಟ್‌ನಲ್ಲಿ ತೆರೆದು ‘ಸೇವ್ ಆ್ಯಸ್’ನಲ್ಲಿ ಜೆಪಿಇಜಿ ಆರಿಸಿ. ‘.ಜೆಎಫ್‌ಐಎಫ್’ ಎಂದು ಬಂದರೆ ಅಷ್ಟೂ ಬೇಡ, ಅದು ಜೆಪಿಜಿಯೇ. ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಆ ಬಗೆಗೆ ಈ ಎಕ್ಸ್‌ಟೆನ್ಷನ್ ದಾಖಲಾಗಿರುವುದರಿಂದ ಹಾಗೆ ಬರುತ್ತದೆ, ಹೆಸರು ಬದಲಿಸಿದರೆ ಮುಗಿಯಿತು.

ಮಾಡಬಾರದ ಕೆಲವು

ಡಿಜಿಟಲ್ ಸಹಿ ಇರುವ ಪ್ರಮಾಣಪತ್ರವನ್ನು ಬ್ರೌಸರ್‌ನಲ್ಲಿ ತೆರೆದು ‘ಪ್ರಿಂಟ್’ ಕೊಟ್ಟು ‘ಸೇವ್ ಆ್ಯಸ್ ಪಿಡಿಎಫ್’ ಮಾಡಬೇಡಿ. ನೋಡಲು ಎರಡೂ ಒಂದೇ ಥರ ಇರುತ್ತವೆ, ಆದರೆ ಹೊಸ ಫೈಲಿನಲ್ಲಿ ಸಹಿಯ ಚಿತ್ರ ಮಾತ್ರ ಉಳಿಯುತ್ತದೆ, ಪರಿಶೀಲಿಸಬಹುದಾದ ಸಹಿ ಉಳಿಯುವುದಿಲ್ಲ. ಆನ್‌ಲೈನ್ ಕನ್ವರ್ಟರ್‌ಗಳಿಂದಲೂ ಇದೇ ಹಾನಿ. ಜೊತೆಗೆ, ಆಧಾರ್, ಅಂಕಪಟ್ಟಿ, ಪಾಸ್‌ಬುಕ್ ಇವುಗಳನ್ನು ಯಾರು ನಡೆಸುತ್ತಾರೋ ತಿಳಿಯದ ಜಾಲತಾಣಕ್ಕೆ ಏರಿಸಿದ ಮೇಲೆ ಆ ಪ್ರತಿ ನಮ್ಮ ಹಿಡಿತದಲ್ಲಿರುವುದಿಲ್ಲ. ಗಿರಾಕಿಯ ದಾಖಲೆಯನ್ನು ಹಾಗೆ ಏರಿಸುವ ಅಧಿಕಾರ ಅಂಗಡಿಯವರಿಗಿಲ್ಲ ಎಂದು ನಾನು ನಂಬುತ್ತೇನೆ. ಪರಿವರ್ತನೆ ಮಾಡಲೇಬೇಕಾದರೆ ಕಂಪ್ಯೂಟರ್‌ನಲ್ಲೇ ಕೆಲಸ ಮಾಡುವ, ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಸಾಕಾಗುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಬೇರೆಡೆ ಇದೆ. ಅಂಕಪಟ್ಟಿ, ಟ್ರಾಫಿಕ್ ದಂಡದ ಚಲನ್, ಮದುವೆಯ ಆಹ್ವಾನಪತ್ರಿಕೆ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಫೈಲ್ ‘.ಎಪಿಕೆ’ ಎಂದು ಮುಗಿಯುತ್ತಿದ್ದರೆ ಅದು ದಾಖಲೆಯಲ್ಲ, ಫೋನಿನಲ್ಲಿ ಕೂರುವ ಆ್ಯಪ್. ಎಪಿಕೆ ಕೂಡ ಜಿಪ್ ಬಗೆಯದೇ ಆದ್ದರಿಂದ ಅದರ ಮೊದಲಕ್ಷರಗಳೂ ಪಿಕೆ ಎಂದೇ ಇರುತ್ತವೆ ಎಂಬುದು ನೆನಪಿರಲಿ. ಕಂಪ್ಯೂಟರ್‌ನಲ್ಲಿ ‘ಪಿಡಿಎಫ್’ ಎಂದು ಹೇಳಿಕೊಳ್ಳುವ ಫೈಲಿನ ಮೊದಲಕ್ಷರಗಳು ಎಂ ಮತ್ತು ಝಡ್ ಆಗಿದ್ದರೆ ಅದು ವಿಂಡೋಸ್ ಪ್ರೋಗ್ರಾಂ, ತೆರೆಯದೆ ಅಳಿಸಿ. ಈಗಾಗಲೇ ತೆರೆದು ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ, ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ.

ಜಾಲತಾಣ ನೋಡಿಕೊಳ್ಳುವವರಿಗೆ

ಕಾಲೇಜು, ಸಂಘ, ಟ್ರಸ್ಟ್‌ಗಳ ಜಾಲತಾಣವನ್ನು ದಾವಣಗೆರೆ, ಚಿತ್ರದುರ್ಗಗಳಲ್ಲೇ ಕುಳಿತು ನೋಡಿಕೊಳ್ಳುವ ಯುವಕರು ಈಗ ಸಾಕಷ್ಟು ಮಂದಿ ಇದ್ದಾರೆ. ಮೇಲೆ ಹೇಳಿದ ತೊಂದರೆಗಳಲ್ಲಿ ಅರ್ಧದಷ್ಟನ್ನು ಅವರು ತಮ್ಮ ಕಡೆಯಿಂದಲೇ ನಿಲ್ಲಿಸಬಹುದು. ಕ್ರೋಮ್‌ನಲ್ಲಿ ಎಫ್12 ಒತ್ತಿ, ‘ನೆಟ್‌ವರ್ಕ್’ ಟ್ಯಾಬ್ ತೆರೆದು, ಡೌನ್‌ಲೋಡ್ ಬಟನ್ ಒತ್ತಿ, ಬಂದ ಸಾಲನ್ನು ಆರಿಸಿದರೆ ‘ರೆಸ್ಪಾನ್ಸ್ ಹೆಡರ್ಸ್’ ಕಾಣುತ್ತವೆ. ಪಿಡಿಎಫ್‌ಗೆ ಕಂಟೆಂಟ್-ಟೈಪ್ ‘ಅಪ್ಲಿಕೇಶನ್/ಪಿಡಿಎಫ್’ ಎಂದಿರಬೇಕು. ‘ಟೆಕ್ಸ್ಟ್/ಎಚ್‌ಟಿಎಂಎಲ್’ ಅಥವಾ ‘ಆಕ್ಟೆಟ್-ಸ್ಟ್ರೀಮ್’ ಎಂದಿದ್ದರೆ ತಿದ್ದಿ. ಕಂಟೆಂಟ್-ಡಿಸ್ಪೊಸಿಷನ್‌ನಲ್ಲಿ ಎಕ್ಸ್‌ಟೆನ್ಷನ್ ಸಮೇತ ಹೆಸರು ಕೊಡಿ. ಕನ್ನಡದ ಹೆಸರು ಬೇಕಿದ್ದರೆ, ‘ಫೈಲ್‌ನೇಮ್’ ಪದಕ್ಕೆ ನಕ್ಷತ್ರ ಚಿಹ್ನೆ ಸೇರಿಸಿ ಯುಟಿಎಫ್-8 ಎಂದು ಸೂಚಿಸುವ ಕ್ರಮವನ್ನು 2011ರ ಆರ್‌ಎಫ್‌ಸಿ 6266 ಎಂಬ ಅಂತರ್ಜಾಲ ಮಾನದಂಡದ ದಾಖಲೆ ವಿವರಿಸುತ್ತದೆ; ಹಳೆಯ ಬ್ರೌಸರ್‌ಗಳಿಗಾಗಿ ಇಂಗ್ಲಿಷ್ ಅಕ್ಷರಗಳ ಹೆಸರೊಂದನ್ನೂ ಅದರ ಜೊತೆಗಿಡಿ.

ಪಿಎಚ್‌ಪಿ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಫೈಲ್ ಕಳುಹಿಸುವ ಮೊದಲು ಒಂದು ಖಾಲಿ ಸಾಲಾಗಲಿ, ಎಚ್ಚರಿಕೆಯ ಸಂದೇಶವಾಗಲಿ ಹೊರಬಿದ್ದರೆ ಅದು ಫೈಲಿನ ತಲೆಗೆ ಅಂಟಿಕೊಂಡು ಡಿಒಸಿಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್‌ಗಳನ್ನು ಕೆಡಿಸಬಹುದು. ಕಳುಹಿಸುವ ಮುನ್ನ ಬಫರ್ ಖಾಲಿ ಮಾಡಿ, ಕಳುಹಿಸಿದ ಕೂಡಲೇ ಸ್ಕ್ರಿಪ್ಟ್ ನಿಲ್ಲಿಸಿ. ಲಾಗಿನ್ ಅವಧಿ ಮುಗಿದಾಗ ಲಾಗಿನ್ ಪುಟವನ್ನು 200 ಎಂಬ ಯಶಸ್ಸಿನ ಸಂಕೇತದೊಡನೆ ಕಳುಹಿಸದೆ ‘ಲಾಗಿನ್ ಬೇಕು’ ಎಂದು ಹೇಳುವ 401 ಸಂಕೇತ ಕಳುಹಿಸಿದರೆ, ಬ್ರೌಸರ್ ಅದನ್ನು ರಸೀದಿಯೆಂದು ಉಳಿಸುವ ಸಾಧ್ಯತೆ ಕಡಿಮೆಯಾಗುತ್ತದೆ. ಬದಲಾವಣೆ ಮಾಡಿದ ಮೇಲೆ ಹಳೆಯ ಹೆಡರ್‌ಗಳು ಕ್ಯಾಶೆಯಲ್ಲಿ ಉಳಿದಿರಬಹುದಾದ್ದರಿಂದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ, ಮೊಬೈಲ್ ಡೇಟಾ ಬಳಸುವ ಆಂಡ್ರಾಯ್ಡ್ ಫೋನಿನಲ್ಲಿ ಒಮ್ಮೆ, ಲಾಗಿನ್ ಅವಧಿ ಮುಗಿಯುವವರೆಗೂ ಪುಟವನ್ನು ಸುಮ್ಮನೆ ಬಿಟ್ಟು ಒಮ್ಮೆ ಇಳಿಸಿ ನೋಡಿ.